ತಕ್ಕಡಿ ಹತ್ತಿದ ಕ್ಷಯ

ಈ ಕಾಯಿಲೆಗೆ ನಮ್ಮಲ್ಲಿ ಅದರ ಲಕ್ಷಣವೇ ಹೆಸರಾಗಿದೆ. ಕ್ಷಯ ಎಂದರೆ ಕರಗುವುದು, ಸವೆಯುವುದು. ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿಯೊಬ್ಬಳನ್ನೇ ಮೆಚ್ಚಿದ ಚಂದ್ರನಿಗೆ ಮಾವ ದಕ್ಷ ಕೊಟ್ಟ ಶಾಪವೂ ಇದೇ. ಚರಕಸಂಹಿತೆ ರಾಜಯಕ್ಷ್ಮದವರಿಗೆ ಮಾಂಸರಸ, ಹಾಲು, ತುಪ್ಪಗಳನ್ನು ಹೇಳುತ್ತದೆ. ಮೈ ತುಂಬಿಕೊಂಡರೆ ರೋಗ ಹಿಂದೆ ಸರಿದಂತೆ ಎಂಬ ಎಣಿಕೆ ಅಷ್ಟು ಹಳೆಯದು.

ಹತ್ತೊಂಬತ್ತನೆಯ ಶತಮಾನದ ಯುರೋಪು ಈ ಎಣಿಕೆಯನ್ನೇ ಕಟ್ಟಡವಾಗಿ ಕಟ್ಟಿತು. 1850ರ ದಶಕದಲ್ಲಿ ಹರ್ಮನ್ ಬ್ರೆಮರ್ ಎಂಬ ಜರ್ಮನ್ ವೈದ್ಯ ಬೆಟ್ಟದ ಊರೊಂದರಲ್ಲಿ ಸ್ಯಾನಟೋರಿಯಂ ತೆರೆದ. ಶುದ್ಧ ಗಾಳಿ, ವಿಶ್ರಾಂತಿ, ಹೊಟ್ಟೆ ತುಂಬ ಊಟ, ಇವೇ ಅಲ್ಲಿಯ ಚಿಕಿತ್ಸೆ. ಇಂಥ ಮನೆಗಳಲ್ಲಿ ಹಾಲು, ಮೊಟ್ಟೆಗಳನ್ನು ಬೇಡವೆಂದರೂ ತಿನ್ನಿಸುತ್ತಿದ್ದರು. ಆಗಾಗ ತೂಕ ನೋಡಿ ಪಟ್ಟಿಯಲ್ಲಿ ಬರೆಯುತ್ತಿದ್ದರು. ಔಷಧಿಯೇ ಇಲ್ಲದ ಕಾಲ. ತಕ್ಕಡಿಯ ಮುಳ್ಳಿನಷ್ಟು ಕಣ್ಣಿಗೆ ಕಾಣುವ ಭರವಸೆ ಬೇರೆ ಯಾವುದಿತ್ತು? ಭಾರತಕ್ಕೂ ಈ ಪದ್ಧತಿ ಬಂತು. ಮೈಸೂರಿನಲ್ಲಿ ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಸ್ಯಾನಟೋರಿಯಂ ಎದ್ದಿತು. 1928ರಲ್ಲಿ ಡಾ. ಡೇವಿಡ್ ಚೌರಿ ಮುತ್ತು ತಾಂಬರಂನಲ್ಲಿ ಒಂದನ್ನು ತೆರೆದರು. ಚೆನ್ನೈನ ಲೋಕಲ್ ರೈಲು ಇಂದಿಗೂ ‘ತಾಂಬರಂ ಸ್ಯಾನಟೋರಿಯಂ’ ನಿಲ್ದಾಣದಲ್ಲಿ ನಿಂತು ಹೋಗುತ್ತದೆ.

1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಐಸೋನಿಯಾಜಿಡ್ ಬಳಗದ ಹೊಸ ಮಾತ್ರೆಗಳ ಪ್ರಯೋಗ ನಡೆಯಿತು. ಊಟ ಕಂಡರೆ ಮುಖ ತಿರುಗಿಸುತ್ತಿದ್ದ ರೋಗಿಗಳಿಗೆ ಹಸಿವು ಕೆರಳಿತು, ತೂಕ ಏರಿತು. ವಾರ್ಡಿನಲ್ಲಿ ಅವರು ಕುಣಿಯುತ್ತಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅಲ್ಲಿಯವರೆಗೆ ಉಂಡು ಗುಣವಾಗಬೇಕಿತ್ತು. ಈಗ ಗುಣವಾಗುತ್ತ ಉಣ್ಣುವ ಕಾಲ ಬಂತು.

ಹಾಗಾದರೆ ಸ್ಯಾನಟೋರಿಯಂ ಬೇಕೆ? ಭಾರತಕ್ಕೆ ಇದು ದುಡ್ಡಿನ ಪ್ರಶ್ನೆಯೂ ಆಗಿತ್ತು. ಲಕ್ಷಗಟ್ಟಲೆ ರೋಗಿಗಳಿಗೆ ಹಾಸಿಗೆ ಎಲ್ಲಿಂದ ತರುವುದು? 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನೆಗೆಂದೇ ಒಂದು ಕೇಂದ್ರ ಶುರುವಾಯಿತು. ಕಿಕ್ಕಿರಿದ ಬಡ ಬಡಾವಣೆಗಳ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಸ್ಯಾನಟೋರಿಯಂ, ಇನ್ನೊಂದಕ್ಕೆ ಮನೆ. ಇಬ್ಬರಿಗೂ ಒಂದೇ ಮಾತ್ರೆ, ಒಂದು ವರ್ಷ. ಸ್ಯಾನಟೋರಿಯಂನವರು ಚೆನ್ನಾಗಿ ಉಂಡರು, ಮಲಗಿ ವಿಶ್ರಮಿಸಿದರು, ಹೆಚ್ಚು ತೂಕ ಗಳಿಸಿದರು. ಮನೆಯವರ ಊಟ ಬಡವರ ಊಟವೇ. ಅವರ ತೂಕವೂ ಏರಿತು, ಆದರೆ ಅಷ್ಟಲ್ಲ. 1959ರಲ್ಲಿ ಫಲಿತಾಂಶ ಹೊರಬಂದಾಗ ತೂಕದ ಈ ಅಂತರ ರೋಗದ ಲೆಕ್ಕದಲ್ಲಿ ಹೆಚ್ಚು ಕಾಣಲಿಲ್ಲ. ರೋಗ ಹತೋಟಿಗೆ ಬಂದವರು ಅಲ್ಲಿ ನೂರಕ್ಕೆ 92, ಇಲ್ಲಿ 86. ಮನೆಯಲ್ಲೇ ಇದ್ದವರಿಂದ ಮನೆಮಂದಿಗೆ ಸೋಂಕು ಹೆಚ್ಚಾಗಿ ಹರಡಿದ್ದೂ ಕಾಣಲಿಲ್ಲ.

ಇದು ದೊಡ್ಡ ಸಾಧನೆ. ಜಗತ್ತಿನಾದ್ಯಂತ ಸ್ಯಾನಟೋರಿಯಂಗಳು ಬಾಗಿಲು ಹಾಕಲು, ಬಡವರು ಮನೆ ಮಕ್ಕಳನ್ನು ಬಿಡದೆ ಚಿಕಿತ್ಸೆ ಪಡೆಯಲು ದಾರಿಯಾಯಿತು. ಆದರೆ ಓದಿದವರು ಒಂದು ಹೆಜ್ಜೆ ಮುಂದೆ ಹೋದರು. ‘ಒಳ್ಳೆಯ ಊಟವಿಲ್ಲದೆಯೂ ಮಾತ್ರೆ ಕೆಲಸ ಮಾಡುತ್ತದೆ’ ಎಂಬುದು ಬರಬರುತ್ತ ‘ಊಟದ ಚಿಂತೆ ನಮ್ಮದಲ್ಲ’ ಎಂದಾಯಿತು. ಕಫದಲ್ಲಿ ರೋಗಾಣು ಇದೆಯೇ ಇಲ್ಲವೇ ಎಂಬುದೇ ಗುಣದ ಅಳತೆ. ರೋಗಾಣು ಹೋದ ಮೇಲೂ ಬಿಂದಿಗೆ ಎತ್ತಲಾರದ, ಕೂಲಿಗೆ ಹೋಗಲಾರದ ಮನುಷ್ಯ ಯಾವ ಕಾಲಂನಲ್ಲಿ ಬರುತ್ತಾನೆ? 2018ರಲ್ಲಿ ಕೇಂದ್ರ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಗೆ ತಿಂಗಳಿಗೆ ₹500 ಕೊಡತೊಡಗಿತು. ಈ ತಿದ್ದುಪಡಿಗೆ ಸುಮಾರು ಅರವತ್ತು ವರ್ಷ ಹಿಡಿಯಿತು. 2024ರ ನವೆಂಬರಿನಿಂದ ಅದು ₹1000 ಆಗಿದೆ.

ಲೆಕ್ಕ ಮತ್ತೆ ತೆರೆದದ್ದು ಜಾರ್ಖಂಡ್‌ನಲ್ಲಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು 2019ರಿಂದ 2,800 ರೋಗಿಗಳಿಗೆ ತಿಂಗಳಿಗೆ ಹತ್ತು ಕಿಲೋ ಆಹಾರ ಕೊಟ್ಟರು: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವಿನ ಅಪಾಯ 61 ಶೇಕಡಾ ಕಡಿಮೆ. ನಲವತ್ತು ಕಿಲೋ ತೂಗುವವರಿಗೆ ಐದು ಶೇಕಡಾ ಎಂದರೆ ಬರೀ ಎರಡು ಕಿಲೋ. ರೋಗ ಹಗುರವಾಗಿದ್ದವರೇ ಬೇಗ ತೂಕ ಗಳಿಸಿರಬಹುದು ಎಂಬ ಅನುಮಾನಕ್ಕೆ ಇಲ್ಲಿ ಜಾಗವಿದೆ, ನಿಜ. ಆದರೂ ತಕ್ಕಡಿಯನ್ನು ಮೂಲೆಗೆ ತಳ್ಳುವ ಹಾಗಿಲ್ಲ.

ಏರಿದ ತೂಕವೆಲ್ಲ ಒಂದೇ ಅಲ್ಲ ಎಂಬ ಮಾತೂ ಇದೆ. ಕ್ಷಯದಿಂದ ಎದ್ದವರಲ್ಲಿ ಮೊದಲು ಸೇರುವುದು ಹೆಚ್ಚಾಗಿ ಕೊಬ್ಬು, ಮಾಂಸಖಂಡ ನಿಧಾನ. ಹಾಗಾಗಿ ಅನ್ನವಷ್ಟೇ ಸಾಲದು. ಬುಟ್ಟಿಯಲ್ಲಿ ಬೇಳೆ, ಹಾಲಿನ ಪುಡಿ ಇದ್ದದ್ದು ಇದಕ್ಕೇ. ಜ್ವರ ಬಿಟ್ಟ ಮೇಲೆ ಮೆಲ್ಲಗೆ ಓಡಾಟ, ಕೆಲಸವೂ ಸೇರಬೇಕು. ಹಾಸಿಗೆಯಲ್ಲೇ ಮಲಗಿಸಿ ಕೊಬ್ಬಿಸುತ್ತಿದ್ದ ಸ್ಯಾನಟೋರಿಯಂಗಳ ಪಟ್ಟಿಯಲ್ಲಿ ಈ ಭೇದಕ್ಕೆ ಜಾಗವಿರಲಿಲ್ಲ.

ಜಾರ್ಖಂಡ್‌ನವರು ಇನ್ನೊಂದು ಸಂಗತಿಯನ್ನೂ ನೋಡಿದರು. ಅರ್ಧದಷ್ಟು ಊರುಗಳ ಕಡೆ ರೋಗಿಗೆ ಮಾತ್ರವಲ್ಲ, ಮನೆಯ ಪ್ರತಿಯೊಬ್ಬರಿಗೂ ಅಕ್ಕಿ ಬೇಳೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲಿದವರ ಸಂಖ್ಯೆ ಉಳಿದ ಮನೆಗಳಿಗಿಂತ ಸುಮಾರು 40 ಶೇಕಡಾ ಕಡಿಮೆಯಾಯಿತು.