ಕಾಡ್ಗಿಚ್ಚು ಮತ್ತು ನಾಲ್ಕು ತಿಂಗಳ ನೌಕರಿ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆದೇಶ ಸಂಧಿಯ ಪಾಠ ನೆನಪಿರಬಹುದು. ಕಾಡು ಮತ್ತು ಕಿಚ್ಚು ಸೇರಿದಾಗ ಉತ್ತರಪದದ ಆದಿಯ ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ‘ಕಾಡ್ಗಿಚ್ಚು’ ಎಂದಾಗುತ್ತದೆ. ಹಲಗೆಯ ಮೇಲೆ ಇದನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಬನಹಟ್ಟಿಯ ಮಕ್ಕಳು ಮಗ್ಗ ಕಂಡವರು, ಕಬ್ಬು ಕಂಡವರು, ಕೃಷ್ಣೆಯ ಮಹಾಪೂರ ಕಂಡವರು, ದಟ್ಟಡವಿ ಕಂಡವರಲ್ಲ. ಆದ್ದರಿಂದ ಸಂಧಿಯ ಜೊತೆಗೆ ಅರ್ಥವನ್ನೂ ಹೇಳುತ್ತಿದ್ದೆ: ಬೇಸಿಗೆಯಲ್ಲಿ ಗಾಳಿಗೆ ಬಿದಿರಿಗೆ ಬಿದಿರು ತಿಕ್ಕಿ ಕಿಡಿ ಹುಟ್ಟಿ, ಅದೇ ಕಾಡ್ಗಿಚ್ಚಾಗುತ್ತದೆ ಎಂದು.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಮೈಸೂರು ಸೀಮೆಯ ಒಂದು ಕಾಡಿನಲ್ಲಿ ಅರಣ್ಯ ರಕ್ಷಕನಾಗಿದ್ದಾನೆ. ನಮ್ಮ ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ಈ ನೌಕರಿಗೆ ಸೇರಿ ದಕ್ಷಿಣದ ಕಾಡುಗಳಿಗೆ ಹೋಗುವುದು ಈಗ ಹೊಸತಲ್ಲ. ಬೇಸಿಗೆಯಲ್ಲಿ ರಜೆ ಸಿಗುವುದಿಲ್ಲವಾದ್ದರಿಂದ ಮಳೆ ಬಿದ್ದ ಮೇಲೆಯೇ ಊರು ಕಾಣುವುದು ಎಂದ. ಚಹಾ ಕುಡಿಯುತ್ತ ನಕ್ಕು ಹೇಳಿದ:

“ಸರ್, ಬಿದಿರಿಗೆ ಬಿದಿರು ತಿಕ್ಕಿ ಬೆಂಕಿ ಹತ್ತಿದ್ದನ್ನ ನಾ ಒಮ್ಮೆನೂ ಕಂಡಿಲ್ರಿ. ಕಡ್ಡಿ ಕೊರದವ್ರನ್ನ ಮಾತ್ರ ಭಾಳ ಮಂದೀನ್ನ ಕಂಡೀನಿ.”

ಅವನು ತಮಾಷೆಗೆ ಹೇಳಿದ್ದ. ನನಗೆ ಮಾತ್ರ ಅದು ನಾಟಿತು. ನಮ್ಮ ದೇಶದ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಹುಟ್ಟುವಂಥವು. ಹೊಸ ಹುಲ್ಲಿಗಾಗಿ ಹಚ್ಚಿದ್ದು, ಎಸೆದ ಬೀಡಿ, ಹಗೆ, ಅಜಾಗ್ರತೆ. ಬಿದಿರಿನ ಕಥೆ ಹೇಳಿ ನಾನು ಇವರೆಲ್ಲರನ್ನೂ ತರಗತಿಯಿಂದ ಬಿಡುಗಡೆ ಮಾಡಿಬಿಟ್ಟಿದ್ದೆ. ಅಷ್ಟೇ ಅಲ್ಲ, ಬೆಂಕಿ ಆರಿಸುವವರನ್ನೂ ಮರೆತಿದ್ದೆ. ಈ ಬರಹ ಅವರ ಕುರಿತು.

ಅವರನ್ನು ಇಲಾಖೆಯಲ್ಲಿ ಬೆಂಕಿ ಕಾವಲುಗಾರರು ಎನ್ನುತ್ತಾರೆ. ಜನರ ಬಾಯಲ್ಲಿ ‘ಫೈರ್ ವಾಚರ್’. ಕಾಡಂಚಿನ ಹಳ್ಳಿ, ಹಾಡಿ, ಪೋಡುಗಳ ಜನ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಡೆ ಜೇನುಕುರುಬರು, ಸೋಲಿಗರು ಬಹಳ. ಚಳಿ ಇಳಿಯುವ ಹೊತ್ತಿಗೆ ದಿನಗೂಲಿಯ ಮೇಲೆ ಸೇರುತ್ತಾರೆ, ಮುಂಗಾರು ಪೂರ್ವದ ಮಳೆ ಚೆನ್ನಾಗಿ ಬಿದ್ದರೆ ಕೆಲಸ ಮುಗಿಯಿತು. ಸುಮಾರು ನಾಲ್ಕು ತಿಂಗಳು. ಮಳೆಗಾಗಿ ಕಾಯುವುದೂ ಮಳೆ ಬಂದರೆ ಕೂಲಿ ಕಳೆದುಕೊಳ್ಳುವುದೂ ಒಂದೇ ಮನುಷ್ಯನ ಪಾಲಿಗೆ ಬಂದ ನೌಕರಿ ಇದು.

ಈ ಕೆಲಸದ ಇತಿಹಾಸ ಒಂದೂವರೆ ಶತಮಾನದ್ದು. 1864ರಲ್ಲಿ ಬ್ರಿಟಿಷ್ ಸರಕಾರ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅವರನ್ನು ಅರಣ್ಯಗಳ ಮೊದಲ ಇನ್ಸ್‌ಪೆಕ್ಟರ್ ಜನರಲ್ ಆಗಿ ನೇಮಿಸಿತು. ಅದೇ ದಶಕದಲ್ಲಿ ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಎಂಬ ಅಧಿಕಾರಿ ಕಾಡಿಗೆ ಬೆಂಕಿ ತಾಗದಂತೆ ಕಾಯುವ ಪ್ರಯೋಗ ಆರಂಭಿಸಿದರು. ಸಾಗುವಾನಿ ಮುಖ್ಯ, ಬೆಂಕಿ ಅದರ ವೈರಿ ಎಂಬುದು ಲೆಕ್ಕ. 1865 ಮತ್ತು 1878ರ ಅರಣ್ಯ ಕಾಯಿದೆಗಳು ಬಂದವು, ಕಾಡಿಗೆ ಬೆಂಕಿ ಹಚ್ಚುವುದು ಅಪರಾಧವಾಯಿತು. 1927ರ ಕಾಯಿದೆಯ 79ನೆಯ ಕಲಮು, ಕಾಡಿನಲ್ಲಿ ಹಕ್ಕುಳ್ಳವರೆಲ್ಲ ಬೆಂಕಿ ಆರಿಸಲು ನೆರವಾಗಲೇಬೇಕೆಂದು ವಿಧಿಸಿತು. ನಮ್ಮ ರಾಜ್ಯದ 1963ರ ಕಾಯಿದೆಯೂ ಈ ಪರಂಪರೆಯದೇ.

ಆದರೆ ಈ ಜನಕ್ಕೆ ಬೆಂಕಿ ಮೊದಲು ವೈರಿಯಾಗಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ, ಉದುರೆಲೆ ಇನ್ನೂ ತೆಳ್ಳಗಿರುವಾಗ, ‘ತರಗು ಬೆಂಕಿ’ ಹಾಕುತ್ತಿದ್ದರು. ತರಗೆಲೆಯನ್ನಷ್ಟೇ ಸುಟ್ಟು ನೆಲದಲ್ಲೇ ಹರಿದು ಆರುವ ಸಣ್ಣ ಉರಿ. ಹುಲ್ಲು ಚಿಗುರುತ್ತಿತ್ತು, ದಾರಿ ಕಾಣುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಬದನಿಕೆಯ ಕಾಟವೂ ಕಡಿಮೆ ಇರುತ್ತಿತ್ತು ಎನ್ನುತ್ತಾರೆ. 1974ರಲ್ಲಿ ಅಲ್ಲಿ ವನ್ಯಧಾಮವಾಯಿತು. ತರಗು ಬೆಂಕಿ ನಿಂತಿತು. ಮುಂದೆ ಲಂಟಾನ ಆಳೆತ್ತರ ಬೆಳೆದು ಕಾಡನ್ನೆಲ್ಲ ತುಂಬಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರ ವಾದ. ವಿಜ್ಞಾನಿಗಳಲ್ಲಿಯೂ ಹಲವರು ಅದಕ್ಕೆ ಕಿವಿಗೊಟ್ಟಿದ್ದಾರೆ. ಎಲ್ಲ ಕಾಡಿಗೂ ಈ ಮಾತು ಸಲ್ಲುತ್ತದೆಂದು ನಾನು ಹೇಳಲಾರೆ. ಆದರೆ ಒಣಗಿದ ಲಂಟಾನಕ್ಕೆ ಹತ್ತಿದ ಬೆಂಕಿ ನೆಲದಲ್ಲಿ ಹರಿಯುವುದಿಲ್ಲ, ಆಳೆತ್ತರ ಏಳುತ್ತದೆ. ಉರಿಯನ್ನು ಬಲ್ಲವರಿಗೆ ಉರಿ ಹಚ್ಚಬೇಡವೆಂದು ಹೇಳಿ, ಅವರ ಮೊಮ್ಮಕ್ಕಳನ್ನೇ ದೊಡ್ಡ ಉರಿಯ ಎದುರು ಕೂಲಿಗೆ ನಿಲ್ಲಿಸಿದ್ದೇವೆ. ಇದರಲ್ಲಿ ಏನೋ ಅನ್ಯಾಯವಿದೆ ಎಂದು ನನಗೆ ಅನ್ನಿಸುತ್ತದೆ.

ಕೆಲಸದ ಕ್ರಮವನ್ನು ನನ್ನ ವಿದ್ಯಾರ್ಥಿ ವಿವರಿಸಿದ. ಬೇಸಿಗೆ ಬಲಿಯುವ ಮುನ್ನ ರಸ್ತೆಯ ಮಗ್ಗುಲಿಗೂ ಕಾಡಿನಂಚಿಗೂ ‘ಬೆಂಕಿ ರೇಖೆ’ ಮಾಡುತ್ತಾರೆ: ಹುಲ್ಲು, ಪೊದೆ ಸವರಿ, ಒಣಗಲು ಬಿಟ್ಟು, ಕಾವಲಿದ್ದು ಸುಡುವುದು. ಸುಟ್ಟ ಪಟ್ಟಿಯನ್ನು ಬೆಂಕಿ ಸುಲಭವಾಗಿ ದಾಟಲಾರದು. ಬೆಂಕಿ ಬಿತ್ತೆಂದರೆ ಹಸಿ ಸೊಪ್ಪಿನ ಕೊಂಬೆಯೇ ಮುಖ್ಯ ಆಯುಧ. ಉರಿಯ ಮುಂದೆ ನಿಲ್ಲಬಾರದು. ಮಗ್ಗುಲಿನಿಂದ ಬಡಿಯುತ್ತ ಅದರ ಬಾಯಿಯನ್ನು ಕಿರಿದು ಮಾಡುತ್ತ ಹೋಗಬೇಕು. ಬಗ್ಗದಿದ್ದರೆ ದೂರದ ರೇಖೆಯಿಂದ ಎದುರು ಬೆಂಕಿ ಕೊಟ್ಟು ಎರಡನ್ನೂ ಕೂಡಿಸಿ ಕೊಲ್ಲುವುದು.

“ಕಬ್ಬಿನ ರವದಿ ಸುಡುವಾಗ ನಮ್ಮಪ್ಪ ಗಾಳಿ ನೋಡಿ ಹಚ್ಚತಿದ್ನಲ್ರಿ ಸರ್, ಅದೇ ಲೆಕ್ಕ. ಆದ್ರ ಅಲ್ಲಿ ಬಾಂದು ಇರೂದಿಲ್ಲ, ಗುಡ್ಡ ಇರ್ತೈತಿ. ಗುಡ್ಡ ಏರೂ ಬೆಂಕಿ ಮನಶ್ಯಾನಕಿಂತ ಜೋರ ಓಡತೈತ್ರಿ.”

ಆರಿತೆಂದು ಮನೆಗೆ ಬರುವಂತಿಲ್ಲವಂತೆ. ಬಿದ್ದ ಮರದ ಪೊಟರೆಯಲ್ಲಿ, ಒಣಗಿದ ಆನೆಯ ಲದ್ದಿಯಲ್ಲಿ ಕೆಂಡ ಅಡಗಿರುತ್ತದೆ. ಮಧ್ಯಾಹ್ನದ ಗಾಳಿಗೆ ಅದು ಮತ್ತೆ ಏಳುತ್ತದೆ. ಆದ್ದರಿಂದ ಸುಟ್ಟ ನೆಲದ ಸುತ್ತ ರಾತ್ರಿಯೆಲ್ಲ ತಿರುಗಬೇಕು, ಆನೆಗಳ ನಡುವೆಯೇ.

2019ರ ಫೆಬ್ರವರಿಯಲ್ಲಿ ಬಂಡೀಪುರ ಐದು ದಿನ ಉರಿದು ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ ಕಾಡು ಸುಟ್ಟುಹೋದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದುದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ನೆಲದ ಮೇಲೆ ಸೊಪ್ಪು ಹಿಡಿದವರು ಅಷ್ಟಾಗಿ ಕಾಣಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಯುವ ಅರಣ್ಯ ರಕ್ಷಕರೊಬ್ಬರು ಸುಟ್ಟು ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನಲ್ಲಿ ಇನ್ನೊಬ್ಬರು. ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನದಲ್ಲಿ ಇಂಥವರನ್ನು ನೆನೆಯುತ್ತಾರೆ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳಿಗಾಗಿ ಪ್ರಾಣ ಕೊಟ್ಟ 363 ಬಿಷ್ಣೋಯಿಗಳ ನೆನಪಿನ ದಿನವದು.

ಈಗ ಉಪಗ್ರಹಗಳು ಬಿಸಿ ಕಂಡಲ್ಲಿಂದ ಮೊಬೈಲಿಗೆ ಸಂದೇಶ ಕಳಿಸುತ್ತವೆ. ಸಂದೇಶ ಬಂದ ಮೇಲೆ ಅಲ್ಲಿಗೆ ನಡೆದು ಹೋಗುವವನು ಮಾತ್ರ ಅದೇ ದಿನಗೂಲಿಯವನು.

ಹೊರಡುವ ಮುನ್ನ ವಿದ್ಯಾರ್ಥಿಯನ್ನು ಕೇಳಿದೆ, ಎದುರು ಬೆಂಕಿ ಕೊಡುವುದನ್ನು ನಿನಗೆ ಕಲಿಸಿದವರು ಯಾರು ಎಂದು. ತರಬೇತಿಯಲ್ಲಿ ಹೇಳಿದ್ದರಂತೆ, ಆದರೆ ಕಲಿತದ್ದು ಒಬ್ಬ ಮುದುಕ ಕಾವಲುಗಾರನಿಂದ. ಹತ್ತಿಪ್ಪತ್ತು ಬೇಸಿಗೆ ದುಡಿದರೂ ಆತ ಪ್ರತಿ ಜನವರಿಗೆ ಹೊಸಬನೇ. ಒಂದು ವರ್ಷ ಕೂಲಿ ಬರುವುದು ತಡವಾಯಿತು. ಮರುವರ್ಷ ಆತ ಬರಲಿಲ್ಲ, ಕಾಫಿ ತೋಟದ ಕೆಲಸಕ್ಕೆ ಕೊಡಗಿಗೆ ಹೋಗಿದ್ದ. ಆ ಬೇಸಿಗೆಯಲ್ಲಿ ಗುಡ್ಡದ ಬೆಂಕಿಗೆ ಎಲ್ಲಿಂದ ಎದುರು ಕೊಡಬೇಕೆಂದು ತಿಳಿಯದೆ, ಕೊನೆಗೆ ಆತನಿಗೇ ಫೋನು ಮಾಡಿ ಕೇಳಿದರಂತೆ.

“ಹೇಳಿದ್ನೇನಪಾ?” ಎಂದೆ.

“ಹೇಳಿದ್ರಿ ಸರ್. ಹಳ್ಳದ ಆಚೀ ದಂಡಿಗೆ ನಿಂದರ್ರಿ, ನಸುಕಿನ್ಯಾಗ ಗಾಳಿ ತಿರಗತೈತಿ ಅಂದ. ಹಂಗ ತಿರಗಿತ್ರಿ.”