ಮಹ್ದಿಯಾದವನ ಮಂಗಳೂರು ಲೆಕ್ಕ

ಟ್ಯುನೀಸಿಯಾಕ್ಕೆ ಹೋಗುತ್ತೇವೆ ಅಂದಾಗ ಡೊಂಬಿವಲಿಯ ನಮ್ಮ ಗೆಳೆಯರು ನಕ್ಕರು. 'ಲಂಡನ್, ಪ್ಯಾರಿಸ್ ಬಿಟ್ಟು ಅಲ್ಲಿ ಏನುಂಟು ಮಾರಾಯ್ರೆ?' ಅಂದರು. ಅಲ್ಲಿ ಮಹ್ದಿಯಾ ಅಂತ ಒಂದು ಊರುಂಟು, ಆ ಊರಿನವನೊಬ್ಬ ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಮಂಗಳೂರಿಗೆ ಬಂದು ನೆಲೆಸಿ ವ್ಯಾಪಾರ ಮಾಡಿದ್ದ ಎಂದರೆ ಯಾರೂ ನಂಬಲಿಲ್ಲ.

ನಾನು ಮೂಲ್ಕಿಯವನು. 1979ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಮುಂಬಯಿ ಬಸ್ಸು ಹತ್ತಿದವನು. ಅಮಿತಾವ್ ಘೋಷ್ ಅವರ 'ಇನ್ ಆನ್ ಆಂಟೀಕ್ ಲ್ಯಾಂಡ್' 1992ರಲ್ಲಿ ಬಂತು. ಅದರಲ್ಲಿ ಈ ವ್ಯಾಪಾರಿಯ ಕಥೆ ಓದಿದಾಗಿನಿಂದ ಅವನ ಊರು ನೋಡುವ ಆಸೆ ಇತ್ತು. ನಿವೃತ್ತಿಯ ನಂತರ, 2019ರ ಅಕ್ಟೋಬರಿನಲ್ಲಿ, ಹೆಂಡತಿಯ ಜೊತೆ ಅದು ಕೈಗೂಡಿತು.

ಸೂಸ್ ಎಂಬ ಪಟ್ಟಣದಿಂದ ಮೊನಾಸ್ತಿರ್ ದಾರಿಯಾಗಿ ಮಹ್ದಿಯಾಗೆ ಲೋಕಲ್ ರೈಲು ಇದೆ. ಊರೆಂದರೆ ಮೆಡಿಟರೇನಿಯನ್ ಸಮುದ್ರದೊಳಗೆ ಚಾಚಿದ ಒಂದು ಸಪೂರ ನಾಲಗೆ. ಫಾತಿಮಿ ಖಲೀಫ ಉಬೈದುಲ್ಲಾ ಅಲ್ ಮಹ್ದಿ ತನ್ನ ಹೆಸರಿನಲ್ಲೇ ಕಟ್ಟಿಸಿ, 921ರಲ್ಲಿ ರಾಜಧಾನಿ ಮಾಡಿಕೊಂಡ ಊರು. ಮೂರು ಕಡೆ ನೀರು, ನೆಲದ ಕಡೆ ದಪ್ಪ ಕೋಟೆಗೋಡೆ. ಹಳೆಯ ಊರಿಗೆ ಇಂದಿಗೂ ಸ್ಕೀಫಾ ಅಲ್ ಕಹ್ಲಾ ಎಂಬ ಕತ್ತಲೆಯ ಹೆಬ್ಬಾಗಿಲ ಒಳಗಿಂದಲೇ ಹೋಗುತ್ತಾರೆ. ಅದನ್ನು ದಾಟಿದರೆ ಬಿಳಿ ಗೋಡೆಗಳ ಓಣಿ, ರೇಷ್ಮೆ ನೇಯುವವರ ಮಗ್ಗದ ಸದ್ದು, ಮೀನಿನ ವಾಸನೆ. ಮೀನಿನ ವಾಸನೆ ಬಂದ ಕೂಡಲೇ ನನಗೆ ಮಲ್ಪೆ ನೆನಪಾಯಿತು. ಮೊದಲ ಮಸೀದಿಯ ನಕ್ಷೆಯನ್ನೇ ಅನುಸರಿಸಿ 1960ರ ದಶಕದಲ್ಲಿ ಮತ್ತೆ ಕಟ್ಟಿದ ದೊಡ್ಡ ಮಸೀದಿ ಇದೆ. ಅದರಾಚೆ ಬಂಡೆ ಕಡಿದು ಮಾಡಿದ ಫಾತಿಮಿಗಳ ಹಳೆಯ ಬಂದರು ಇದೆ. ಈಗ ಅಲ್ಲಿ ಸಣ್ಣ ದೋಣಿಗಳು ಮಾತ್ರ.

ನಮ್ಮ ವ್ಯಾಪಾರಿಯ ಹೆಸರು ಅಬ್ರಹಾಂ ಬೆನ್ ಯಿಜು. ಯಹೂದಿ. ಮಹ್ದಿಯಾದಿಂದ ಹೊರಟು, ಏಡನ್‌ನಲ್ಲಿ ದೊಡ್ಡ ವರ್ತಕರ ಪರಿಚಯ ಮಾಡಿಕೊಂಡು, 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ತುಳುನಾಡನ್ನು ಆಳುಪರು ಆಳುತ್ತಿದ್ದ ಕಾಲ ಅದು. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಇಲ್ಲಿಂದ ಹೋಗುತ್ತಿತ್ತು. ಏಡನ್‌ನಿಂದ ಒಡೆದ ತಾಮ್ರ, ಹಿತ್ತಾಳೆ ಪಾತ್ರೆಗಳು ಬರುತ್ತಿದ್ದವು. ಅವನ ಕಾರ್ಖಾನೆಯಲ್ಲಿ ಅವು ಹೊಸ ಪಾತ್ರೆಗಳಾಗುತ್ತಿದ್ದವು. ಜೊತೆಗೆ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ನಮ್ಮಲ್ಲಿ ಆಗ ಓಲೆಗರಿ ತಾನೇ!

ಇದೆಲ್ಲ ಗೊತ್ತಾದದ್ದು ಹೇಗೆ? ದೇವರ ಹೆಸರಿರಬಹುದಾದ ಕಾಗದವನ್ನು ಯಹೂದಿಗಳು ಹಾಗೇ ಎಸೆಯುವುದಿಲ್ಲ. ಹಳೆ ಕೈರೋದ ಬೆನ್ ಎಜ್ರಾ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಗದ ತುಂಬಿತ್ತು. 1896-97ರಲ್ಲಿ ಅದರ ದೊಡ್ಡ ಪಾಲು ಕೇಂಬ್ರಿಜ್ ಸೇರಿತು. ಗೊಯ್ಟೈನ್ ಎಂಬ ವಿದ್ವಾಂಸರು ಅವನ್ನೆಲ್ಲ ಕೂತು ಓದಿದರು. ಬೆನ್ ಯಿಜುವಿನ ಆಳು ಬೊಮ್ಮ ಏಡನ್‌ಗೆ ಹೋಗಿ ಕುಡಿದು ಗಲಾಟೆ ಮಾಡಿದ ದೂರೂ ಅದರಲ್ಲಿದೆ. ಏಲಕ್ಕಿಗೆ ಮುಂಗಡ ತೆಗೆದುಕೊಂಡ ಒಬ್ಬ ಮಾಲು ಕೊಡಲೇ ಇಲ್ಲ. ಏಡನ್‌ನ ಪಾಲುದಾರರು ವರ್ಷಗಟ್ಟಲೆ ಅದನ್ನು ನೆನಪಿಸುತ್ತಲೇ ಇದ್ದರು. ಸಾಲ ವಸೂಲಿ ವಿಭಾಗದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನನಗೆ ಆ ಪತ್ರಗಳ ಧಾಟಿ ಬಹಳ ಪರಿಚಿತ!

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನೊಂದು ಪತ್ರ ಬರೆದ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡುವ ಪತ್ರ. ಆಕೆಗೆ ಬೆರಾಖಾ ಎಂಬ ಹೊಸ ಹೆಸರು. 'ಆಶೀರ್ವಾದ' ಎಂದು ಅರ್ಥ. ಊರಲ್ಲಿ ಬಿಟ್ಟುಬಂದ ಅವನ ತಂಗಿಯ ಹೆಸರೂ ಅದೇ. ಆಶು ಅವನ ಮಕ್ಕಳ ತಾಯಿಯಾದಳು.

ದುಡ್ಡು ಕೂಡಿತು. ಊರಿಗೆ ಹೋಗುವುದು ಮಾತ್ರ ಮುಂದಕ್ಕೆ ಹೋಗುತ್ತಿತ್ತು. 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ಹಿಡಿದರು. ಅವನ ಅಣ್ಣತಮ್ಮಂದಿರು ಇದ್ದದ್ದನ್ನೆಲ್ಲ ಕಳೆದುಕೊಂಡು ಸಿಸಿಲಿ ಸೇರಿದರು. ಮರುವರ್ಷ ಅವನು ಮಕ್ಕಳೊಂದಿಗೆ ಏಡನ್‌ಗೆ ಬಂದಿಳಿದ. ಸೆಪ್ಟೆಂಬರ್ 11ರಂದು ಬರೆದ ಪತ್ರದಲ್ಲಿ, ತಾನು ಕ್ಷೇಮ, ಎಲ್ಲರಿಗೂ ಸಾಕಾಗುವಷ್ಟು ತಂದಿದ್ದೇನೆ, ಬನ್ನಿ ಎಂದು ಕರೆದ. ಬಂದ ತಮ್ಮ ಮುಬಶ್ಶಿರ್ ಅವನಿಗೇ ಮೋಸ ಮಾಡಿದ. ಮಗ ಯೆಮೆನ್‌ನಲ್ಲಿ ತೀರಿಹೋದ. ಏಡನ್‌ನ ಶ್ರೀಮಂತರ ಮನೆಯಿಂದ ಮಗಳಿಗೆ ಸಂಬಂಧ ಬಂದಿತ್ತು. ಇಲ್ಲ, ನನ್ನ ಒಡಹುಟ್ಟಿದವರ ಮಗನಿಗೇ ಕೊಡುತ್ತೇನೆ ಎಂದು ಹಟ ಹಿಡಿದ. 1156ರಲ್ಲಿ ಹಳೆ ಕೈರೋದಲ್ಲಿ ಸಹೋದರ ಯೂಸುಫನ ಮಗನೊಂದಿಗೆ ಮದುವೆಯಾಯಿತು. ಮಹ್ದಿಯಾದಿಂದ ನಾರ್ಮನ್ನರು ಹೊರಟದ್ದು 1160ರಲ್ಲಿ.

ಎಲ್ ಜೆಮ್‌ನ ರೋಮನ್ ಅಖಾಡವನ್ನೂ ಒಂದು ಬೆಳಿಗ್ಗೆ ನೋಡಿಬಂದೆವು. ಸುಮಾರು 35,000 ಜನ ಕೂರುತ್ತಿದ್ದರಂತೆ. ದೊಡ್ಡದು ನಿಜ, ಆದರೆ ಮನಸ್ಸು ಇಲ್ಲೇ ಇತ್ತು.

ಸಂಜೆ ಭೂಶಿರದ ತುದಿಯ ಸ್ಮಶಾನದ ಬಳಿ ಕುಳಿತೆವು. ಬಿಳಿ ಗೋರಿಗಳು ಸಮುದ್ರದವರೆಗೂ ಇಳಿದಿವೆ. ನಾನೂ ನಿವೃತ್ತಿಯಾದ ಮೇಲೆ ಮೂಲ್ಕಿಯಲ್ಲಿ ಮನೆ ಕಟ್ಟುತ್ತೇನೆ ಅಂತಿದ್ದವನೇ. ಅಷ್ಟರಲ್ಲಿ ಅಣ್ಣ ತೀರಿಕೊಂಡ, ತಮ್ಮ ಪುಣೆ ಸೇರಿದ, ಮನೆ ಪಾಲಾಯಿತು. ಕಳೆದ ಸಲ ಹೋದಾಗ ರಿಕ್ಷಾದವನು 'ನಿಮಗೆ ಯಾರ ಮನೆ ಆಗಬೇಕು?' ಅಂತ ಕೇಳಿದ. ಇದನ್ನೆಲ್ಲ ಹೇಳಿಕೊಂಡು, ಬೆನ್ ಯಿಜುವಿನದ್ದೂ ನನ್ನದೂ ಒಂದೇ ಲೆಕ್ಕ ನೋಡು, ಅಂದೆ.

ಹೆಂಡತಿ ಕೇಳಿದಳು, 'ಆ ಆಶು ಏನಾದಳು?'

1149ರ ಪತ್ರದಲ್ಲಿ ಮಗನ ಸುದ್ದಿ ಇದೆ, ಮಗಳ ಸುದ್ದಿ ಇದೆ. ಆಶುವಿನ ಹೆಸರಿಲ್ಲ. ಹಾಗಂತ ಹೇಳಿದೆ.

'ಅವನು ಬಿಟ್ಟ ಊರನ್ನು ಇಷ್ಟು ದೂರ ಬಂದು ನೋಡಿದೆವು. ಅವಳದ್ದು ನಮ್ಮದೇ ಊರಲ್ಲವಾ?' ಅಂದಳು. ಆಮೇಲೆ ಸುಮ್ಮನಾದಳು.

ನಾನೂ ಸುಮ್ಮನಾದೆ. 1984ರಲ್ಲಿ ಮದುವೆಯಾಗಿ ಬಂದವಳು ಅವಳು. ಊರು ಕಾರ್ಕಳ. ಮೂವತ್ತೈದು ವರ್ಷ ರಜೆ ಸಿಕ್ಕಿದಾಗಲೆಲ್ಲ 'ಊರಿಗೆ' ಎಂದು ನಾನು ಟಿಕೆಟ್ ತೆಗೆದದ್ದು ಮೂಲ್ಕಿಗೆ. ಕಾರ್ಕಳಕ್ಕೆ ಒಂದು ದಿನ, ಅದೂ ಬಿಡುವಾದರೆ. ಜಮಾ ಖರ್ಚು ತಾಳೆ ನೋಡುವುದೇ ಕಸುಬಾಗಿದ್ದವನಿಗೆ ಸ್ವಂತ ಪುಸ್ತಕದಲ್ಲಿ ಈ ಬಾಬತ್ತು ಬಿಟ್ಟುಹೋದದ್ದು ಕಂಡಿರಲಿಲ್ಲ.

ಆ ಡಿಸೆಂಬರಿನಲ್ಲಿ ಊರಿಗೆ ಹೊರಟಾಗ ಮೊದಲು ಕಾರ್ಕಳಕ್ಕೆ ಹೋದೆವು. ಎಂಟು ದಿನ ಇದ್ದೆವು.