ಜಪಾನೀ ಚಲಚ್ಚಿತ್ರವೂ ಕನ್ನಡದ ಬಂಟರೂ

ಹಂಪೆಯ ಮುರುಕು ಹೆಬ್ಬಾಗಿಲುಗಳನ್ನು ಕಂಡು ಬೆಳೆದ ಹೊಸಪೇಟೆ, ಕಂಪ್ಲಿಯ ಸಹೃದಯರಿಗೆ ಅಕಿರ ಕುರೊಸಾವರ ‘ರಾಶೊಮೊನ್’ ಚಿತ್ರದ ಮೊದಲ ನೋಟವು ಅಪರಿಚಿತವೆನಿಸದು: ಸುರಿವ ಮಳೆ, ಪಾಳುಬಿದ್ದ ನಗರದ್ವಾರ, ಅದರಡಿ ಆಶ್ರಯ ಪಡೆದ ಮೂವರು. ಒಬ್ಬನ ಸಾವನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಈ ಚಿತ್ರವು 1951ರಲ್ಲಿ ವೆನಿಸ್ ಉತ್ಸವದ ಪರಮ ಪ್ರಶಸ್ತಿಯನ್ನು ಪಡೆದ ಮೇಲೆಯೇ ಪಶ್ಚಿಮವು ಜಪಾನೀ ಚಿತ್ರಗಳತ್ತ ಕಣ್ತೆರೆದುದು.

ಆ ಕಲೆಯ ಬೇರಾದರೋ ಹಿಂದಿನದು. ಮೂಕಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕದಲ್ಲಿ ‘ಬೆನ್ಶಿ’ಯೆಂಬ ಕಥನಕಾರನು ನಿಂತು ಪಾತ್ರಗಳಿಗೆಲ್ಲ ದನಿಗೊಟ್ಟು ಕಥೆ ನಡೆಸುತ್ತಿದ್ದನು. ಹರಿದಾಸರನ್ನೂ ಬಯಲಾಟದ ಭಾಗವತರನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಟರಿಗಿಂತ ಬೆನ್ಶಿಯ ಹೆಸರನ್ನೇ ಕೇಳಿ ಬರುವವರೂ ಇದ್ದರು. ಅಲ್ಲಿ ವಾಕ್ಚಿತ್ರವು ತಡವಾಗಿ ನೆಲೆಯೂರಿದುದಕ್ಕೆ ಅವನ ಜನಪ್ರಿಯತೆಯೂ ಒಂದು ಕಾರಣ.

ಕನ್ನಡಕ್ಕೆ ಆ ಗಾಳಿಯು ಸ್ಪಷ್ಟವಾಗಿ ಸೋಂಕಿದುದು 1978ರಲ್ಲಿ, ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ. ಕುರೊಸಾವರ ಸಮುರಾಯಿಗಳಂತೆ ಇಲ್ಲಿಯೂ ಕೂಲಿಗೆ ಕಾದುವ ವೀರರಿದ್ದಾರೆ. ಶಂಕರನಾಗರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಮನ್ನಣೆ ತಂದುದು ಈ ಪಾತ್ರವೇ. ಇದನ್ನು ಬರಿಯ ಅನುಕರಣವೆನ್ನಲಾಗದು. ಒಡೆಯನಿಗಾಗಿ ತಲೆಗೊಟ್ಟ ಬಂಟನ ವೀರಗಲ್ಲು ಕನ್ನಡನಾಡಿನ ಊರೂರಲ್ಲಿಯೂ ನಿಂತಿರುವುದು. ಚಿತ್ರದ ಬಂಟರಾದರೋ ಒಡೆಯರ ಕಪಟವನ್ನರಿತು, ಹಗೆಯನ್ನು ತೊರೆದು ಒಂದಾಗುತ್ತಾರೆ.